ಕಪಾಟಿನೊಳಗಿನ ಹಿಮ, ಮಲ್ಪೆಯ ಐಸು

ಉಡುಪಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಮ್ಮಂದಿರೆಲ್ಲ ಕೇಳುವುದು ಒಂದೇ: "ಮೇಡಂ, ಮೊದಲು ಪುಸ್ತಕ ಓದಿಸಬೇಕಾ, ಸಿನಿಮಾ ತೋರಿಸಬೇಕಾ?"

ಪುಸ್ತಕ. ಸಿನಿಮಾ ಕಡಿಮೆ ಅಂತ ಅಲ್ಲ. ನನ್ನ ಜೀವದಂಥ ಒಂದು ದೃಶ್ಯ ನನಗೆ ಎರಡು ಸಲ ಸಿಕ್ಕಿದೆ, ಅದಕ್ಕೆ.

1950ರಲ್ಲಿ ಬಂದ ಸಿ.ಎಸ್. ಲೂಯಿಸ್ ಅವರ 'ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್' ನನ್ನ ಕೈಗೆ ಬಂದದ್ದು ಆರನೇ ಕ್ಲಾಸಿನಲ್ಲಿ. ವಾರ್ಡ್‌ರೋಬ್ ಅಂದರೇನು ಎಂದು ಅಪ್ಪನನ್ನು ಕೇಳಿದೆ. "ಬಟ್ಟೆ ಇಡುವ ಕಪಾಟು ಮಾರಾಯ್ತಿ" ಅಂದರು. ಅಜ್ಜಿಯ ಕೋಣೆಯ ಹಲಸಿನ ಮರದ ಕಪಾಟು ಆಗಲೇ ಕಥೆಯೊಳಗೆ ಬಂದು ನಿಂತಿತು.

ಕಥೆಯಲ್ಲೂ ಅವತ್ತು ಬಿಡದ ಮಳೆ. ಮಕ್ಕಳು ಹೊರಗೆ ಹೋಗುವ ಹಾಗಿಲ್ಲ. ಲೂಸಿ ಎಂಬ ಪುಟ್ಟ ಹುಡುಗಿ ಖಾಲಿ ಕೋಣೆಯಲ್ಲಿದ್ದ ಕಪಾಟಿನ ಬಾಗಿಲು ತೆಗೆಯುತ್ತಾಳೆ. ಎರಡು ನುಸಿ ಗುಳಿಗೆ ಕೆಳಗೆ ಬೀಳುತ್ತವೆ. ತುಪ್ಪಳದ ಕೋಟುಗಳನ್ನು ಸರಿಸುತ್ತಾ ಒಳಗೆ ಹೋದರೆ ಕಾಲಡಿಯಲ್ಲಿ ಕರಕರ ಸದ್ದು. ಇನ್ನಷ್ಟು ನುಸಿ ಗುಳಿಗೆಯೋ ಏನೋ ಎಂದು ಬಗ್ಗಿ ಮುಟ್ಟುತ್ತಾಳೆ. ಮೆತ್ತಗೆ, ಹುಡಿಹುಡಿ, ತಣ್ಣಗೆ. ಹಿಮ! ಕಪಾಟಿನ ಆಚೆ ನಾರ್ನಿಯಾ ಎಂಬ ಮಾಯಾಲೋಕದ ಕಾಡು.

ನುಸಿ ಗುಳಿಗೆ ನನಗೆ ಗೊತ್ತಿತ್ತು. ಆಟಿ ತಿಂಗಳಲ್ಲಿ ಬಟ್ಟೆಗೆಲ್ಲ ಬೂಷ್ಟು ಹಿಡಿಯುವಾಗ ಅಜ್ಜಿಯ ಕಪಾಟು ತೆಗೆದರೆ ಮೂಗಿಗೆ ಬಡಿಯುತ್ತಿದ್ದದ್ದು ಅದೇ ವಾಸನೆ. ಹಿಮ ಮಾತ್ರ ಗೊತ್ತಿರಲಿಲ್ಲ. ಕಂಡಿದ್ದದ್ದು ಮಲ್ಪೆ ಬಂದರಿನ ಐಸು. ಅಪ್ಪನ ಜೊತೆ ಮೀನಿಗೆ ಹೋದಾಗ ಬಂಗುಡೆಯ ಮೇಲೆ ಸುರಿಯುವ ಐಸಿನ ಹುಡಿ ನೆಲದ ತುಂಬ ಚೆಲ್ಲಿರುತ್ತಿತ್ತು. ಚಪ್ಪಲಿ ಇಟ್ಟರೆ ಅದೂ ಕರಕರ ಅನ್ನುತ್ತಿತ್ತು. ನನ್ನ ನಾರ್ನಿಯಾದ ಕಾಡಿನಲ್ಲಿ ಬಿದ್ದದ್ದು ಆ ಐಸು. ಅದರ ನಡುವೆ ಉರಿಯುವ ಒಂದು ದೀಪದ ಕಂಬ.

ಸಿನಿಮಾ 2005ರ ಡಿಸೆಂಬರಿನಲ್ಲಿ ಬಂತು. ನಾನು ನೋಡಿದ್ದು ಆಮೇಲೆ, ಮಣಿಪಾಲದಲ್ಲಿ, ಗೆಳತಿಯ ರೂಮಿನ ಕಂಪ್ಯೂಟರಿನಲ್ಲಿ. ಆ ದೃಶ್ಯ ಹತ್ತಿರ ಬಂದ ಹಾಗೆ ಹೆದರಿಕೆ. ನನ್ನ ಕಾಡು ಅಳಿಸಿ ಹೋದರೆ?

ಸಿನಿಮಾದಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿರುತ್ತಾರೆ. ಪುಸ್ತಕದಲ್ಲಿ ಅದು ಲೂಸಿ ಎರಡನೇ ಸಲ ಹೋಗುವಾಗ. ಇರಲಿ. ಲೂಸಿ ಕೋಟುಗಳ ನಡುವೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋಗುತ್ತಾಳೆ. ಕೈಗೆ ಸೂಜಿಯಂಥ ಎಲೆ ತಾಗುತ್ತದೆ. ತಿರುಗುತ್ತಾಳೆ. ಆ ಮುಖ! ನಿರ್ದೇಶಕ ಆಂಡ್ರ್ಯೂ ಆಡಮ್ಸನ್ ಅವರು ಲೂಸಿಯಾದ ಜಾರ್ಜಿ ಹೆನ್ಲಿಗೆ ಆ ಹಿಮದ ಸೆಟ್ ಮೊದಲೇ ತೋರಿಸಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಅಲ್ಲಿಗೆ ತಂದರು. ಕ್ಯಾಮರಾ ಓಡುವಾಗಲೇ ಅವಳು ಅದನ್ನು ಮೊದಲ ಸಲ ಕಂಡಳು. ನಮಗೆ ಕಾಣುವುದು ಅವಳ ನಿಜವಾದ ಬೆರಗು. ಅಜ್ಜಿ ಮನೆಯ ಜಗಲಿಯಲ್ಲಿ ಆ ಪುಟ ತಿರುಗಿಸಿದಾಗ ನನ್ನ ಮುಖವೂ ಹೀಗೇ ಇತ್ತೇನೋ. ಅತ್ತುಬಿಟ್ಟೆ.

ನನ್ನ ಐಸು ಕರಗಲಿಲ್ಲ. ಈಗಲೂ ಪುಸ್ತಕ ತೆಗೆದರೆ ಮಲ್ಪೆಯೇ. ಸಿನಿಮಾ ಮೊದಲು ನೋಡಿದ್ದರೆ ಆ ಐಸು ಹುಟ್ಟುತ್ತಲೇ ಇರಲಿಲ್ಲ, ಅಲ್ವಾ?

ಈ ಮಳೆಗಾಲ ಅಕ್ಕನ ಮಗಳಿಗೆ ಅದೇ ಪುಸ್ತಕ ಓದಿ ಹೇಳುತ್ತಿದ್ದೇನೆ. ಹಿಮ ಅಂದರೆ ಹೇಗಿರ್ತದೆ ಅಂದ್ಕೊಂಡಿದ್ದೀ ಎಂದು ಕೇಳಿದೆ. ಎದ್ದು ಹೋಗಿ ಫ್ರಿಡ್ಜ್ ತೆಗೆದಳು. ಫ್ರೀಜರಿನ ಗೋಡೆಗೆ ಬೆಳ್ಳಗೆ ಕಟ್ಟಿದ್ದನ್ನು ಉಗುರಲ್ಲಿ ಕೆರೆದು ತಂದು ನನ್ನ ಅಂಗೈಗೆ ಹಾಕಿದಳು. "ಇದು, ಚಿಕ್ಕಮ್ಮ. ಆದ್ರೆ ಮನೆ ತುಂಬ."