ಕಟ್ಟಡ ಮುಗಿಯಿತು, ಶೆಡ್ಡೂ ಹೋಯಿತು

ಉಡುಪಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ದುಡ್ಡಿನ ಮಾತು ಬರುವುದು ಆಮೇಲೆ. ಮೊದಲು ಯಾವ ಊರು, ಎಷ್ಟು ಜನ, ವೆಜ್ಜಾ ನಾನ್‌ವೆಜ್ಜಾ. "ಘಟ್ಟದವರಿಗೆ ಕೊಡುವುದಿಲ್ಲ" ಅಂತ ಮುಖಕ್ಕೇ ಹೇಳುವವರಿದ್ದಾರೆ. ಅದನ್ನೂ ದಾಟಿದರೆ ಅಡ್ವಾನ್ಸ್.

ನನ್ನದು ಬೀಡಿನಗುಡ್ಡೆ ಕಡೆ ಸಣ್ಣ ಟೈಲರಿಂಗ್ ಅಂಗಡಿ. ಎದುರು ಫ್ಲ್ಯಾಟ್ ಕಟ್ಟುವಾಗ ಬಾಗಲಕೋಟೆ ಕಡೆಯ ಒಂದು ಸಂಸಾರ ಸೈಟಿನಲ್ಲೇ ತಗಡಿನ ಶೆಡ್ಡಿನಲ್ಲಿತ್ತು. ಗಂಡನಿಗೆ ಸೆಂಟ್ರಿಂಗ್ ಕೆಲಸ, ಹೆಂಡತಿಗೆ ಜಲ್ಲಿ ಹೊರುವುದು. ಮಕ್ಕಳಿಬ್ಬರು ಸರಕಾರಿ ಶಾಲೆಗೆ. ದೊಡ್ಡವಳು ನನ್ನ ಹತ್ತಿರ ತುಳುವಿನಲ್ಲೇ ಜಗಳ ಮಾಡುವಷ್ಟು ಊರಿನವಳಾಗಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಕೆಲಸ ಮುಗಿಯಿತು. ಶೆಡ್ ಬಿಚ್ಚಿದರು. ಮುಂದಿನ ಸೈಟು ಮಳೆ ಕಳೆದ ಮೇಲೆ ಅಂತ ಕಂಟ್ರಾಕ್ಟರ್ ಹೇಳಿದರಂತೆ. ಆಕೆ ಬಂದು, "ಅಕ್ಕಾರ, ಸಾಮಾನು ಇಲ್ಲಿ ಇಡ್ಲೇನ್ರಿ?" ಅಂದಳು. ಒಂದು ಟ್ರಂಕು, ರೊಟ್ಟಿ ಹಂಚು, ಎರಡು ಕೊಡ, ಶಾಲೆ ಚೀಲ. ಚೀಲವನ್ನು ಮಕ್ಕಳು ಬೆಳಿಗ್ಗೆ ತೆಗೆದುಕೊಂಡು ಹೋಗಿ ಸಂಜೆ ತಂದಿಡುತ್ತಿದ್ದರು. ಅವರು ಮಲಗುತ್ತಿದ್ದದ್ದು ಮುಚ್ಚಿದ ಅಂಗಡಿಗಳ ಜಗಲಿಯಲ್ಲಿ. ನಮ್ಮ ಜೂನ್ ಮಳೆ ಗೊತ್ತಲ್ಲ, ಅಡ್ಡ ಬೀಸುತ್ತದೆ. ಪುಸ್ತಕ ಉಳಿಯುವುದಿಲ್ಲ.

ಕಟ್ಟಡ ಕಾರ್ಮಿಕರಿಗೆ ಕೆಲಸ ಕೊಟ್ಟವರೇ ಬಾಡಿಗೆ ಇಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು ಅಂತ 1996ರ ಕಾನೂನು ಹೇಳಿತ್ತು. ಅಡುಗೆಗೆ, ಸ್ನಾನಕ್ಕೆ ಬೇರೆ ಜಾಗವೂ ಸೇರಿ. ಆದರೆ ಎಷ್ಟು ದಿನ? ಕೆಲಸ ನಡೆಯುವಷ್ಟು ದಿನ. ಕೊನೆಯ ಕೋಟ್ ಪೈಂಟ್ ಆದ ಮರುದಿನ ಅವರು ಯಾರ ಲೆಕ್ಕಕ್ಕೂ ಇಲ್ಲ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಫೆಬ್ರವರಿ 28ರ ರಾತ್ರಿ ಎಣಿಸಿದ್ದರು. ಫುಟ್‌ಪಾತ್, ರೈಲ್ವೆ ಪ್ಲಾಟ್‌ಫಾರ್ಮ್, ದೊಡ್ಡ ಸಿಮೆಂಟ್ ಪೈಪಿನ ಒಳಗೆಲ್ಲ ಹುಡುಕಿ, ದೇಶದಲ್ಲಿ 17.7 ಲಕ್ಷ ಜನ. ಫೆಬ್ರವರಿಯಲ್ಲಿ ಈ ಸಂಸಾರದಂಥವರು ಶೆಡ್ಡಿನಲ್ಲಿರುತ್ತಾರೆ, ಆ ಎಣಿಕೆಗೆ ಸಿಗುವುದೆಲ್ಲಿ ಮಾರಾಯ್ರೆ!

"ಊರಿಗೆ ಹೋಗಲಿ" ಅನ್ನುವುದು ಸುಲಭ. ಹೋದರೆ ಮಕ್ಕಳ ಶಾಲೆ ಅರ್ಧಕ್ಕೆ. ಟಿ.ಸಿ. ತಡವಾಯಿತೆಂದು ಮಕ್ಕಳನ್ನು ಸೇರಿಸದೆ ಇರುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾನೂನಿನಲ್ಲಿದೆ, ಸರಿ. ಆದರೆ ಮತ್ತೆ ನಾಲ್ಕು ತಿಂಗಳಿಗೆ ವಾಪಸ್ ಬರಬೇಕಲ್ವಾ?

ನಗರಗಳಲ್ಲಿ ಲಕ್ಷ ಜನಕ್ಕೆ ನೂರು ಮಂದಿಯ ಒಂದು ಆಶ್ರಯಕೇಂದ್ರ ಬೇಕು ಎಂಬ ಕೇಂದ್ರದ ಯೋಜನೆಯಲ್ಲಿ ಸಂಸಾರಸ್ಥರಿಗೇ ಬೇರೆ ಕೇಂದ್ರ ಮಾಡಲು ಅವಕಾಶವಿತ್ತು. ನನಗೆ ಬೇಕೆನಿಸುವುದು ಅದೇ. ಗಂಡಸರ ಹಾಲ್, ಹೆಂಗಸರ ಹಾಲ್ ಅಂತ ಬೇರೆ ಮಾಡಿದರೆ ಈ ದಂಪತಿ ಜಗಲಿಯಲ್ಲೇ ಉಳಿಯುತ್ತಾರೆ. ಆಕೆಯೇ ಹೇಳಿದ್ದು, "ಮಕ್ಕಳ್ನ ಕರ್ಕೊಂಡು ನಾ ಒಂದ್ಕಡೆ, ಅವ್ರು ಒಂದ್ಕಡೆ ಯಾಕ್ರಿ?" ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ, ಒಂದು ಒಲೆ, ನಾಲ್ಕೈದು ತಿಂಗಳು. ಸುಮ್ನೆ ಬೇಡ, ಬಾಡಿಗೆ ತೆಗೆದುಕೊಳ್ಳಲಿ, ಅದರಲ್ಲಿ ಸ್ವಲ್ಪ ಅವರ ಅಡ್ವಾನ್ಸಿಗೆ ಅಂತ ಕೂಡಿಡಲಿ. ಲೇಬರ್ ಕಾರ್ಡ್ ನವೀಕರಣಕ್ಕೆ ಓಡಾಡುವವರು, ಮನೆ ಮಾಲೀಕರ ಹತ್ತಿರ "ಇವರು ನಮಗೆ ಗೊತ್ತು" ಅಂತ ಹೇಳುವವರು ಒಬ್ಬರು ಬೇಕು. ಅಡ್ವಾನ್ಸಿಗಿಂತ ಆ ಮಾತೇ ಇಲ್ಲಿ ಜಾಸ್ತಿ ನಡೆಯುವುದು.

ಈಗ ಅವರು ಸಂತೆಕಟ್ಟೆ ಹತ್ತಿರ ಇನ್ನೊಂದು ಸೈಟಿನ ಶೆಡ್ಡಿನಲ್ಲಿದ್ದಾರೆ. ಐದು ಮಹಡಿಯಂತೆ. ಮೂರನೆಯ ಸ್ಲ್ಯಾಬ್ ಹೋದ ವಾರ ಆಯಿತು.