ಫ್ರೆಂಚ್ ವ್ಯಾಕರಣಕ್ಕೆ ಕನ್ನಡದ ದಾರಿ, ಮರಾಠಿಯ ದಾರಿ

ಪುಣೆಯಲ್ಲಿ ಫ್ರೆಂಚ್ ಕಲಿಯಬೇಕೆನ್ನುವವರಿಗೆ ಅವಕಾಶಗಳ ಕೊರತೆಯಿಲ್ಲ. ಸೇನಾಪತಿ ಬಾಪಟ್ ರಸ್ತೆಯ ಕಡೆ ಅಲಿಯಾನ್ಸ್ ಫ್ರಾಂಸೇಸ್ ಇದೆ, ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗವಿದೆ, ಇವಲ್ಲದೆ ಖಾಸಗಿ ತರಗತಿಗಳೂ ಸಾಕಷ್ಟಿವೆ. ಕಚೇರಿಯ ಕೆಲಸದ ನಿಮಿತ್ತ ಅಂಥದೊಂದು ವಾರಾಂತ್ಯದ ತರಗತಿಗೆ ನಾನು ಹೋಗುತ್ತಿದ್ದೇನೆ. ಅಲ್ಲಿ ಆರಂಭದ ಪಾಠಗಳೆಲ್ಲ ಇಂಗ್ಲಿಷಿನ ಮೂಲಕ ನಡೆಯುತ್ತವೆ. ಆದರೆ ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ನನ್ನಂಥವರಿಗೆ ಇಂಗ್ಲಿಷಿಗಿಂತ ಮನೆಯೊಳಗಿನ ಕನ್ನಡವೂ ಮನೆಯ ಹೊರಗಿನ ಮರಾಠಿಯೂ ಹೆಚ್ಚು ನೆರವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲ ತೊಡಕು ಲಿಂಗದ್ದು. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದ ವಸ್ತುಗಳೆಲ್ಲ ನಪುಂಸಕ ಲಿಂಗ. ಅರ್ಥ ತಿಳಿದರೆ ಲಿಂಗವೂ ತಿಳಿದಂತೆಯೇ. ಫ್ರೆಂಚಿನಲ್ಲಿ ನಪುಂಸಕ ಲಿಂಗವೇ ಇಲ್ಲದ್ದರಿಂದ ಊಟದ ಮೇಜಿನ ಮೇಲಿನ ಚಾಕು (ಕೂತೋ) ಪುಲ್ಲಿಂಗವಾಗುತ್ತದೆ, ಚಮಚ (ಕ್ವಿಯೇರ್) ಮತ್ತು ತಟ್ಟೆ (ಅಸ್ಯೆತ್) ಸ್ತ್ರೀಲಿಂಗವಾಗುತ್ತವೆ. ಇದಕ್ಕೆ ಕಾರಣ ಕೇಳುತ್ತ ಕುಳಿತರೆ ಪಾಠ ಮುಂದೆ ಸಾಗುವುದಿಲ್ಲ. ನಮ್ಮ ತರಗತಿಯ ಮರಾಠಿ ಮಾತೃಭಾಷೆಯವರು ಮಾತ್ರ ಇಂಥ ಕಾರಣ ಕೇಳುವುದೇ ಇಲ್ಲ, ಏಕೆಂದರೆ ಅವರಿಗೆ ಚಮಚಾ ಪುಲ್ಲಿಂಗ, ಸುರೀ ಸ್ತ್ರೀಲಿಂಗ, ತಾಟ ನಪುಂಸಕ ಲಿಂಗ. ಫ್ರೆಂಚಿಗೂ ಮರಾಠಿಗೂ ಇಲ್ಲಿ ಒಂದೂ ತಾಳೆಯಾಗದು, ನಿಜ. ಆದರೂ ಜಡವಸ್ತುವಿಗೆ ಲಿಂಗವಿರುತ್ತದೆ, ಅದು ಗುಣವಾಚಕವನ್ನೂ ಬದಲಿಸುತ್ತದೆ ಎಂಬ ಅಭ್ಯಾಸ ಅವರಿಗೆ ಮೊದಲೇ ಇದೆ. ನಮ್ಮ 'ಒಳ್ಳೆಯ' ಎಲ್ಲದಕ್ಕೂ ಒಂದೇ. ಮರಾಠಿಯ 'ಚಾಂಗಲಾ, ಚಾಂಗಲೀ' ಬಾಯಿಗೆ ಹತ್ತಿದವರಿಗೆ ಫ್ರೆಂಚಿನ 'ಬೊಂ, ಬೊನ್' ಹೊಸದೆನಿಸುವುದಿಲ್ಲ. ತರಕಾರಿಯವರ ಜೊತೆ, ರಿಕ್ಷಾದವರ ಜೊತೆ ಮರಾಠಿಯಲ್ಲಿ ವ್ಯವಹರಿಸುವ ಪುಣೆಯ ಕನ್ನಡಿಗರಿಗೂ ಈ ಅಭ್ಯಾಸ ಅರಿವಿಲ್ಲದೆಯೇ ಬಂದಿರುತ್ತದೆ. 'ಆಂಬಾ ಖಾಲ್ಲಾ' (ಮಾವಿನಹಣ್ಣು ತಿಂದೆ), 'ಪೋಳೀ ಖಾಲ್ಲೀ' (ಚಪಾತಿ ತಿಂದೆ) ಎನ್ನುವಾಗ ತಿಂದ ವಸ್ತುವಿನ ಲಿಂಗಕ್ಕೆ ತಕ್ಕಂತೆ ಕ್ರಿಯಾಪದವನ್ನು ನಾವೂ ತಿರುಗಿಸುತ್ತೇವಲ್ಲ!

ನಾಮಪದಗಳನ್ನು ಬಾಯಿಪಾಠ ಮಾಡುವಾಗ ಇಂಗ್ಲಿಷಿನ 'ದಿ' ಇದ್ದಂತೆ ನಾಮಪದದ ಮುಂದೆ ಬರುವ 'ಲ' (ಪುಲ್ಲಿಂಗ), 'ಲಾ' (ಸ್ತ್ರೀಲಿಂಗ) ಎಂಬ ಉಪಪದಗಳಿಗಿಂತ 'ಒಂದು' ಎಂಬರ್ಥದ 'ಅಂ, ಯೂನ್' ಸೇರಿಸಿ ಕಲಿಯುವುದು ಲೇಸು. ಸ್ವರದಿಂದ ಆರಂಭವಾಗುವ ಪದದ ಮುಂದೆ 'ಲ'ವೂ 'ಲಾ'ವೂ ತಮ್ಮ ಸ್ವರ ಕಳೆದುಕೊಂಡು ಬರೀ 'ಲ್' ಆಗುತ್ತವೆ. ಲೆಕೋಲ್ (ಶಾಲೆ), ಲಾರ್ಬ್ರ್ (ಮರ) ಎಂದಷ್ಟೇ ಕಲಿತರೆ ಮೊದಲನೆಯದು ಸ್ತ್ರೀಲಿಂಗ, ಎರಡನೆಯದು ಪುಲ್ಲಿಂಗ ಎಂಬ ಸುಳಿವೇ ಸಿಗದು. ಪದಾಂತ್ಯಗಳೂ ತಕ್ಕಮಟ್ಟಿಗೆ ದಾರಿ ತೋರಿಸುತ್ತವೆ. 'ಸ್ಯೋಂ' ಎಂದು ಮುಗಿಯುವ ಭಾವನಾಮಗಳು ಸ್ತ್ರೀಲಿಂಗ, 'ಆಜ್' ಎಂದು ಮುಗಿಯುವವು ಸಾಮಾನ್ಯವಾಗಿ ಪುಲ್ಲಿಂಗ. ಆದರೆ ಆರಂಭದಲ್ಲೇ ಬೇಕಾಗುವ ಪಾಜ್ (ಪುಟ), ಇಮಾಜ್ (ಚಿತ್ರ), ಪ್ಲಾಜ್ (ಕಡಲತೀರ) ಈ ಮೂರೂ ಅಪವಾದಗಳು.

ಕ್ರಿಯಾಪದದಲ್ಲಿ ಕನ್ನಡವೇ ಗುರು. 'ಮಾತಾಡುತ್ತೇನೆ, ಮಾತಾಡುತ್ತೀರಿ, ಮಾತಾಡುತ್ತಾರೆ' ಎಂದು ಪುರುಷಕ್ಕೆ ತಕ್ಕ ಪ್ರತ್ಯಯ ಹಚ್ಚುವ ನಮಗೆ ಫ್ರೆಂಚಿನ ರೂಪಪಟ್ಟಿ ಕಂಡು ಗಾಬರಿಯಾಗಬೇಕಿಲ್ಲ. 'ತ್ಯು, ವೂ' ಎಂಬ ಭೇದವೂ ನಮ್ಮ 'ನೀನು, ನೀವು' ಇದ್ದಂತೆಯೇ, ಬಹುವಚನವೂ ಗೌರವವೂ ಒಂದೇ ಪದದಲ್ಲಿ. ಒಂದು ವ್ಯತ್ಯಾಸವನ್ನು ಮಾತ್ರ ಗಟ್ಟಿಮಾಡಿಕೊಳ್ಳಬೇಕು. ನಮ್ಮ ಪ್ರತ್ಯಯಗಳು ಕಿವಿಗೆ ಸ್ಪಷ್ಟವಾಗಿ ಕೇಳಿಸುವುದರಿಂದ 'ನಾನು' ಎಂಬುದನ್ನು ಬಿಟ್ಟರೂ ನಡೆಯುತ್ತದೆ. ಫ್ರೆಂಚಿನಲ್ಲಿ 'ನಾನು, ನೀನು, ಅವನು, ಅವರು' ನಾಲ್ಕಕ್ಕೂ ಕಾಗುಣಿತ ಬೇರೆಬೇರೆ ಇರಬಹುದಾದರೂ ಈ 'ಮಾತಾಡು' ಕ್ರಿಯಾಪದದ ಉಚ್ಚಾರ ಒಂದೇ 'ಪಾರ್ಲ್'. ಆದ್ದರಿಂದ ಸರ್ವನಾಮವನ್ನು ಬಿಡುವಂತಿಲ್ಲ.

'ಅವನು ವೈದ್ಯ' ಎನ್ನಲು ನಮಗೆ ಕ್ರಿಯಾಪದ ಬೇಡ, ಫ್ರೆಂಚಿಗೆ ಬೇಕು: 'ಇಲ್ ಎ ಮೆದ್‌ಸಾಂ'. ಆದರೆ ಇಂಗ್ಲಿಷಿನಂತೆ ವೃತ್ತಿಯ ಹೆಸರಿಗೆ ಮೊದಲು 'ಒಂದು' ಎಂಬರ್ಥದ ಉಪಪದವನ್ನು ಹಾಕುವುದಿಲ್ಲ. ಇಲ್ಲಿ ಇಂಗ್ಲಿಷನ್ನು ನೆಚ್ಚಿದವರೇ ಎಡವುತ್ತಾರೆ. ವಯಸ್ಸು, ಹಸಿವು, ಬಾಯಾರಿಕೆಗಳಲ್ಲೂ ಹಾಗೆಯೇ. 'ನನಗೆ ಹಸಿವಾಗಿದೆ' ಎನ್ನುವ ನಾವು ಹಸಿವನ್ನು ನಮ್ಮ ವಿಶೇಷಣವಾಗಿಸುವುದಿಲ್ಲ. ಫ್ರೆಂಚರೂ ಹಸಿವು ತಮ್ಮ ಬಳಿಯಿದೆ ಎನ್ನುತ್ತಾರೆ, 'ಜೇ ಫ್ಯಾಂ'. ಇರುವಿಕೆಯನ್ನು ಹೇಳುವ ಎತ್ರ್, ಹೊಂದಿರುವುದನ್ನು ಹೇಳುವ ಆವ್ವಾರ್ ಈ ಎರಡು ಕ್ರಿಯಾಪದಗಳನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುವಂತಿರಬೇಕು, ಭೂತಕಾಲವೂ ಇವುಗಳ ಮೇಲೆಯೇ ನಿಂತಿದೆ. 'ಇಲ್ ಸೋಂ' ಎಂದರೆ ಅವರು ಇದ್ದಾರೆ, 'ಇಲ್ ಜ಼ೋಂ' ಎಂದರೆ ಅವರ ಬಳಿ ಇದೆ. ಸಕಾರಕ್ಕೂ ಜ಼ಕಾರಕ್ಕೂ ಇರುವ ಅಂತರದಲ್ಲೇ ವಾಕ್ಯದ ಅರ್ಥ ಬೇರೆಯಾಗುತ್ತದೆ.

ಉಚ್ಚಾರಣೆಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಫ್ರೆಂಚಿನ ತ, ದ ನಮ್ಮವುಗಳಂತೆ ದಂತ್ಯ, ಪ, ಕ ನಮ್ಮವುಗಳಂತೆ ಅಲ್ಪಪ್ರಾಣ; 'ಟೇಬಲ್' ಎಂಬುದನ್ನು ಮರೆತು 'ತಾಬ್ಲ್' ಎಂದರಾಯಿತು. ಅನುನಾಸಿಕ ಸ್ವರಗಳಲ್ಲಿ ಮಾತ್ರ ಕುಮಟೆಯ ಕಡೆಯ ನಮ್ಮ ಕೊಂಕಣಿ ಸಹಪಾಠಿಯೇ ಮುಂದು, ಅವರ ಮಾತೃಭಾಷೆಯಲ್ಲಿ ಅವು ಧಾರಾಳವಾಗಿವೆ. ಬೀದಿ ಎಂಬರ್ಥದ 'ರ್ಯೂ', ಗಾಲಿ ಎಂಬರ್ಥದ 'ರೂ' ಇವೆರಡರ ಭೇದ ಸಾಧಿಸಲು 'ಈ' ಎನ್ನುತ್ತಲೇ ತುಟಿಯನ್ನು 'ಊ' ಎನ್ನುವಂತೆ ಮುಂದೆ ಚಾಚಬೇಕು.

ಶಬ್ದಸಂಗ್ರಹಕ್ಕೆ ಪೋರ್ಚುಗೀಸರಿಂದ ಬಂದ ಪದಗಳೂ ಕೈಹಿಡಿಯುತ್ತವೆ: ಪಾವ್ ಮತ್ತು ಪ್ಯಾಂ, ಚಾವಿ ಮತ್ತು ಕ್ಲೇ, ಅಲಮಾರು ಮತ್ತು ಆರ್ಮ್ವಾರ್ ಇವುಗಳ ಮೂಲ ಲ್ಯಾಟಿನ್ನಿನಲ್ಲಿ ಒಂದೇ. ಇಂಗ್ಲಿಷಿನಂತೆ ಕಾಣುವ ಪದಗಳ ವಿಷಯದಲ್ಲಿ ಎಚ್ಚರಿಕೆ ಬೇಕು, 'ಲಿಬ್ರೇರಿ' ಎಂದರೆ ಪುಸ್ತಕದಂಗಡಿ.

ಕನ್ನಡವೂ ಮರಾಠಿಯೂ ಕೈಬಿಡುವ ಜಾಗವೆಂದರೆ ಎಣಿಕೆ. ಅರವತ್ತೊಂಬತ್ತರವರೆಗೆ ಎಲ್ಲ ಸುಗಮ. ಅಲ್ಲಿಂದ ಮುಂದೆ 70 ಎಂದರೆ ಅರವತ್ತು-ಹತ್ತು, 80 ಎಂದರೆ ನಾಲ್ಕು-ಇಪ್ಪತ್ತು, 97 ಎಂದರೆ ನಾಲ್ಕು-ಇಪ್ಪತ್ತು-ಹತ್ತು-ಏಳು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು 70ಕ್ಕೆ ಸೆಪ್ತಾಂತ್, 90ಕ್ಕೆ ನೊನಾಂತ್ ಎಂದು ನೇರವಾಗಿ ಹೇಳುತ್ತಾರೆ, ಪಠ್ಯಪುಸ್ತಕಗಳು ಮಾತ್ರ ಪ್ಯಾರಿಸ್ಸಿನ ಪದ್ಧತಿಯನ್ನು ಬಿಡುವುದಿಲ್ಲ. ಫ್ರೆಂಚ್ ಭಾಷಾಸಾಮರ್ಥ್ಯವನ್ನು ಅಳೆಯುವ ದೆಲ್ಫ್ ಪರೀಕ್ಷೆಯ ಎ1 ಎಂಬ ಆರಂಭಿಕ ಹಂತದಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕ. ಒಟ್ಟು 50 ಬಂದರೆ ಉತ್ತೀರ್ಣ, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಕೇಳುವ ಭಾಗದಲ್ಲಿ ಬೆಲೆ, ಸಮಯ, ದೂರವಾಣಿ ಸಂಖ್ಯೆಗಳು ಬರುವುದರಿಂದ ಎಣಿಕೆಯನ್ನು ಉಪೇಕ್ಷಿಸುವಂತಿಲ್ಲ. ಫ್ರೆಂಚರು ದೂರವಾಣಿಯ ಹತ್ತು ಅಂಕಿಗಳನ್ನು ಎರಡೆರಡಾಗಿ ಹೇಳುತ್ತಾರೆ. ಅದರ ಅಭ್ಯಾಸಕ್ಕೆಂದು ನಾನು ಸಿಗ್ನಲ್‌ಗಳಲ್ಲಿ ಮುಂದೆ ನಿಂತ ಎಂಎಚ್ 12 ವಾಹನಗಳ ಕೊನೆಯ ನಾಲ್ಕಂಕಿಗಳನ್ನು ಎರಡು ಜೋಡಿಗಳಾಗಿ ಫ್ರೆಂಚಿನಲ್ಲಿ ಓದುತ್ತೇನೆ. ಪುಣೆಯ ವಾಹನದಟ್ಟಣೆಯಲ್ಲಿ ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ.