ದಿನಾ ಪೋಸ್ಟ್ ಹಾಕಲೇಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ವೃತ್ತಿಯಲ್ಲಿ ಹೆಸರು ಮಾಡಬೇಕೆಂದರೆ ಸೋಷಿಯಲ್ ಮೀಡಿಯಾದಲ್ಲಿ ದಿನಾ ಏನಾದರೂ ಹಾಕುತ್ತಲೇ ಇರಬೇಕಾ?" ಹೀಗೆ ಕೇಳುವವರಲ್ಲಿ ಹೊಸದಾಗಿ ಕೆಲಸ ಹುಡುಕುವವರಿದ್ದಾರೆ, ಇಪ್ಪತ್ತು ವರ್ಷ ದುಡಿದ ಎಂಜಿನಿಯರುಗಳಿದ್ದಾರೆ, ಸ್ವಂತ ಕ್ಲಿನಿಕ್ ತೆರೆದ ವೈದ್ಯರೂ ಇದ್ದಾರೆ. ಬೇಡ ಎಂಬುದೇ ನನ್ನ ಉತ್ತರ. ಪೋಸ್ಟ್ ಹಾಕುವುದು ಈ ಕೆಲಸದ ಕೊನೆಯ ಭಾಗ. ಬಹುತೇಕರು ಎಡವುವುದು ಅದಕ್ಕೂ ಮೊದಲೇ.

ನಿಮ್ಮ ಹೆಸರು ಹುಡುಕಿಕೊಂಡು ಬರುವವರು ಯಾರು ಎಂದು ಯೋಚಿಸಿ. ಸಂದರ್ಶನಕ್ಕೆ ಕರೆಯುವ ಮೊದಲು ಒಮ್ಮೆ ನೋಡೋಣ ಎಂದುಕೊಂಡ ಮ್ಯಾನೇಜರ್, ಯಾರೋ ನಿಮ್ಮ ಹೆಸರು ಹೇಳಿದರೆಂದು ವಿಚಾರಿಸಲು ಬಂದ ಗ್ರಾಹಕ, ಉಪನ್ಯಾಸಕ್ಕೆ ಕರೆಯಬೇಕೋ ಬೇಡವೋ ಎಂದು ತೂಗಿ ನೋಡುತ್ತಿರುವ ಸಂಘಟಕ. ಇವರಾರೂ ನಿಮ್ಮ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಸ್ವಲ್ಪ ಹೊತ್ತಿನಲ್ಲೇ ಎರಡು ಸಂಗತಿ ಅವರಿಗೆ ತಿಳಿಯಬೇಕು: ನೀವು ಮಾಡುವ ಕೆಲಸ ಯಾವುದು, ಅದನ್ನು ನಿಜವಾಗಿ ಮಾಡಿದ್ದೀರಿ ಎನ್ನಲು ಆಧಾರ ಏನು. ಸಾವಿರ ಅಪರಿಚಿತರ ಲೈಕಿಗಿಂತ ಈ ಒಬ್ಬರ ನಂಬಿಕೆ ದೊಡ್ಡದು. ಪುಟವನ್ನು ಅವರಿಗಾಗಿ ಕಟ್ಟಿ.

ಶುರು ಮಾಡುವುದು ಹುಡುಕಾಟದಿಂದ. ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ (ನಿಮ್ಮ ಲಾಗಿನ್, ಹಳೆಯ ಹುಡುಕಾಟ ಯಾವುದೂ ಸೇರದ ಖಾಸಗಿ ಕಿಟಕಿ) ನಿಮ್ಮ ಹೆಸರನ್ನು ಹಾಕಿ ನೋಡಿ. ಹೆಸರಿನ ಜೊತೆ ವೃತ್ತಿ, ಹೆಸರಿನ ಜೊತೆ ಹಿಂದಿನ ಕಂಪನಿ, ಬೇರೆ ಬೇರೆ ಸ್ಪೆಲ್ಲಿಂಗ್, ಕನ್ನಡ ಲಿಪಿ, ಎಲ್ಲವನ್ನೂ ಒಮ್ಮೊಮ್ಮೆ ಹುಡುಕಿ. ಮೊದಲ ಪುಟದಲ್ಲಿ ಏನೇನು ಬಂತೆಂದು ಬರೆದಿಡಿ, ಚಿತ್ರಗಳ ಟ್ಯಾಬನ್ನೂ ಬಿಡಬೇಡಿ. ಮರೆತುಹೋದ ಖಾತೆಗಳು, ಹತ್ತು ವರ್ಷದ ಹಿಂದಿನ ಜಗಳಗಳು ಇಲ್ಲಿಯೇ ಸಿಗುತ್ತವೆ. ಎಕ್ಸ್‌ನ (ಹಿಂದಿನ ಟ್ವಿಟರ್) ಅಡ್ವಾನ್ಸ್ಡ್ ಸರ್ಚ್‌ನಲ್ಲಿ ನಿಮ್ಮ ಹ್ಯಾಂಡಲ್ (ಖಾತೆಯ ಬಳಕೆದಾರ ಹೆಸರು) ಮತ್ತು ತಾರೀಖಿನ ಮಿತಿ ಕೊಟ್ಟರೆ ಹಳೆಯದನ್ನೆಲ್ಲ ವರ್ಷವಾರು ನೋಡಬಹುದು. ಫೇಸ್‌ಬುಕ್‌ನಲ್ಲಿ ಹಳೆಯ ಸಾರ್ವಜನಿಕ ಪೋಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗೆ ಮಾತ್ರ ಕಾಣುವಂತೆ ಮಾಡುವ ಸೆಟ್ಟಿಂಗ್ ಇದೆ. ಅಳಿಸುವ ಮೊದಲು ನಿಮ್ಮ ದತ್ತಾಂಶದ ಪ್ರತಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಳಿಸಿದ್ದನ್ನು ಮರಳಿ ತರುವುದು ಕಷ್ಟ. ಅಳಿಸಿದ ಮೇಲೂ ಕೆಲವು ದಿನ ಗೂಗಲ್ ಫಲಿತಾಂಶದಲ್ಲಿ ಅದು ಕಾಣುತ್ತಲೇ ಇರಬಹುದು. ಹಾಗಾದಾಗ ಹಳತಾದ ಮಾಹಿತಿ ತೆಗೆಯುವಂತೆ ಕೇಳಲು ಗೂಗಲ್‌ನದೇ ಫಾರ್ಮ್ ಇದೆ.

ಮುಂದಿನದು ಹ್ಯಾಂಡಲ್. ಎಲ್ಲ ಕಡೆ ಒಂದೇ ಇರಲಿ. ಎಕ್ಸ್‌ನಲ್ಲಿ ಗರಿಷ್ಠ 15 ಅಕ್ಷರ, ಇನ್‌ಸ್ಟಾಗ್ರಾಂನಲ್ಲಿ 30. ಇನ್‌ಸ್ಟಾಗ್ರಾಂ ಚುಕ್ಕೆಯನ್ನು ಒಪ್ಪುತ್ತದೆ, ಎಕ್ಸ್ ಒಪ್ಪುವುದಿಲ್ಲ. ಆದ್ದರಿಂದ ಬರೀ ಅಕ್ಷರ, ಬೇಕಿದ್ದರೆ ಒಂದೆರಡು ಅಂಕಿ, ಒಟ್ಟು 15ರೊಳಗೆ ಇಟ್ಟುಕೊಂಡರೆ ಎಲ್ಲೆಡೆ ನಡೆಯುತ್ತದೆ. ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲಿನ ವಿಳಾಸಕ್ಕೆ ಬಾಲದಂತೆ ಅಂಟಿಕೊಂಡು ಬರುವ ಅಂಕಿಗಳನ್ನು ತೆಗೆದು ಇದೇ ಹೆಸರನ್ನು ಕೊಡಬಹುದು. ಹುಟ್ಟಿದ ವರ್ಷ ಮತ್ತು ಈಗಿನ ಕಂಪನಿಯ ಹೆಸರು ಹ್ಯಾಂಡಲ್‌ನಲ್ಲಿ ಬೇಡ. ಒಂದು ನಿಮ್ಮ ಖಾಸಗಿ ವಿವರ ಬಿಟ್ಟುಕೊಡುತ್ತದೆ, ಇನ್ನೊಂದು ಕೆಲಸ ಬದಲಿಸಿದ ದಿನವೇ ಸುಳ್ಳಾಗುತ್ತದೆ.

ಫೋಟೋ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಿಟಕಿಯ ಬೆಳಕಿಗೆ ಮುಖ ಮಾಡಿ, ಭುಜದಿಂದ ಮೇಲಕ್ಕೆ, ಕನಿಷ್ಠ 400 × 400 ಪಿಕ್ಸೆಲ್. ಮದುವೆಯ ಗುಂಪು ಫೋಟೋದಿಂದ ಕತ್ತರಿಸಿದ ಮುಖ ಚಿಕ್ಕ ವೃತ್ತದಲ್ಲಿ ಮಸುಕಾಗಿ ಕಾಣುತ್ತದೆ. ಲಿಂಕ್ಡ್‌ಇನ್ ಬ್ಯಾನರ್‌ನ ಅಳತೆ 1584 × 396. ಅದರ ಎಡ ಕೆಳಭಾಗವನ್ನು ನಿಮ್ಮ ಫೋಟೋ ಮುಚ್ಚಿಬಿಡುವುದರಿಂದ ಬರಹವೇನಾದರೂ ಇದ್ದರೆ ಬಲಕ್ಕಿರಲಿ.

ನಿಜವಾದ ಶ್ರಮ ಬೇಕಿರುವುದು ಹೆಸರಿನ ಕೆಳಗೆ ಬರುವ ಪರಿಚಯದ ಸಾಲಿಗೆ, ಅಂದರೆ ಹೆಡ್‌ಲೈನ್‌ಗೆ. ಲಿಂಕ್ಡ್‌ಇನ್ ಇದಕ್ಕೆ 220 ಅಕ್ಷರ ಕೊಡುತ್ತದೆ. ಆದರೆ ಹುಡುಕಾಟದ ಪಟ್ಟಿಯಲ್ಲಿ, ನಿಮ್ಮ ಪ್ರತಿ ಕಾಮೆಂಟಿನ ತಲೆಯ ಮೇಲೆ, ಫೋನಿನ ಕಿರಿದಾದ ಪರದೆಯಲ್ಲಿ ಕಾಣುವುದು ಮೊದಲ ಕೆಲವೇ ಪದ. "ಉತ್ಸಾಹಿ ವೃತ್ತಿಪರ, ಕನಸುಗಾರ, ಬದಲಾವಣೆಯ ಹರಿಕಾರ" ಎಂದು ಬರೆದರೆ ಓದಿದವರಿಗೆ ಏನೂ ಸಿಗುವುದಿಲ್ಲ, ಹುಡುಕುವವರಿಗೆ ನೀವೂ ಸಿಗುವುದಿಲ್ಲ. ಯಾರೂ 'ಕನಸುಗಾರ' ಎಂದು ಟೈಪ್ ಮಾಡಿ ಎಂಜಿನಿಯರನ್ನು ಹುಡುಕುವುದಿಲ್ಲವಲ್ಲ! "ಸ್ಟ್ರಕ್ಚರಲ್ ಎಂಜಿನಿಯರ್: ಹಳೆಯ ಕಾಂಕ್ರೀಟ್ ಕಟ್ಟಡಗಳ ಬಲ ಪರೀಕ್ಷೆ ಮತ್ತು ದುರಸ್ತಿ ವಿನ್ಯಾಸ" ಎಂದರೆ ವೃತ್ತಿ ಮೊದಲಿಗೇ ಬಂತು, ವಿಶೇಷತೆ ಆಮೇಲೆ ಬಂತು. ಕನ್ನಡದಲ್ಲಿ ಬರೆಯುವವರು ಒಂದು ವಿಷಯ ಗಮನಿಸಬೇಕು: ಸಾಮಾನ್ಯವಾಗಿ ಈ ಮಿತಿಗಳಲ್ಲಿ ಒತ್ತು, ಗುಣಿತದ ಗುರುತು, ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ಪ್ರಾಧ್ಯಾಪಕ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರದ ಲೆಕ್ಕದಲ್ಲಿ 10. ಎಕ್ಸ್‌ನ 160, ಇನ್‌ಸ್ಟಾಗ್ರಾಂನ 150 ಅಕ್ಷರದ ಪರಿಚಯಗಳಲ್ಲಿ ಇದರ ಬಿಸಿ ಬೇಗ ತಟ್ಟುತ್ತದೆ.

ಲಿಂಕ್ಡ್‌ಇನ್‌ನ 'ಅಬೌಟ್' ಭಾಗದಲ್ಲಿ 2,600 ಅಕ್ಷರಕ್ಕೆ ಜಾಗವಿದೆ. ಅಷ್ಟನ್ನೂ ತುಂಬಬೇಕಿಲ್ಲ. ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಒತ್ತಬೇಕು. ಹಾಗಾಗಿ ಯಾರ ಯಾವ ಸಮಸ್ಯೆಯನ್ನು ನೀವು ಬಗೆಹರಿಸುತ್ತೀರಿ ಎಂಬುದು ಆ ಸಾಲುಗಳಲ್ಲೇ ಮುಗಿಯಲಿ. ಪದವಿ, ಊರು, ಹವ್ಯಾಸ ಆಮೇಲಿನ ಮಾತು. ಕೊನೆಗೆ ನಿಮ್ಮನ್ನು ಸಂಪರ್ಕಿಸುವ ದಾರಿ ಒಂದೇ ಒಂದಿರಲಿ, ಮತ್ತು ನೀವು ನಿಜವಾಗಿ ತೆರೆದು ನೋಡುವ ಇಮೇಲ್ ಆಗಿರಲಿ. ಇವನ್ನೆಲ್ಲ ತಿದ್ದುವಾಗ, ಬದಲಾವಣೆಯ ಸುದ್ದಿಯನ್ನು ಸಂಪರ್ಕದಲ್ಲಿರುವವರಿಗೆ ತಿಳಿಸುವ ಗುಂಡಿಯನ್ನು ಆಫ್ ಮಾಡಿಡಿ. ಹೊಸ ಕೆಲಸದ ತಾರೀಖು ಸರಿಪಡಿಸಹೊರಟವರಿಗೆ ಅಭಿನಂದನೆಗಳ ಮಳೆ ಸುರಿಯುವುದು, ಕೆಲಸ ಬಿಡುವ ಯೋಚನೆ ಮೇಲಧಿಕಾರಿಗೆ ಮೊದಲೇ ಗೊತ್ತಾಗುವುದು, ಎಲ್ಲಕ್ಕೂ ಕಾರಣ ಈ ಗುಂಡಿಯೇ.

ಈಗ ಆಧಾರ. ಹೇಳಿಕೊಳ್ಳುವುದು ಎಲ್ಲರಿಗೂ ಬರುತ್ತದೆ, ತೋರಿಸುವವರು ಕಡಿಮೆ. ಲಿಂಕ್ಡ್‌ಇನ್‌ನಲ್ಲಿ 'ಫೀಚರ್ಡ್' ಭಾಗ, ಎಕ್ಸ್‌ನಲ್ಲಿ ಪಿನ್ ಮಾಡಿದ ಒಂದು ಪೋಸ್ಟ್, ಇನ್‌ಸ್ಟಾಗ್ರಾಂನಲ್ಲಿ ಮೇಲೆ ಪಿನ್ ಮಾಡಬಹುದಾದ ಮೂರು ಪೋಸ್ಟ್, ಇವು ಇರುವುದೇ ಅದಕ್ಕೆ. ಪ್ರೋಗ್ರಾಮರ್ ಆದರೆ ಗಿಟ್‌ಹಬ್‌ನಲ್ಲಿ ಹೇಗೆ ನಡೆಸಬೇಕೆಂಬ ವಿವರಣೆ ಇರುವ ಒಂದೇ ಪ್ರಾಜೆಕ್ಟ್ ಸಾಕು, ಅರ್ಧಕ್ಕೆ ಬಿಟ್ಟ ಇಪ್ಪತ್ತು ಬೇಡ. ಶಿಕ್ಷಕರಾದರೆ ಒಂದು ಪಾಠದ ವಿಡಿಯೋ. ಕೆಲಸ ಗೋಪ್ಯವಾಗಿದ್ದರೆ ಒಂದು ಪುಟದ ಟಿಪ್ಪಣಿ ಬರೆಯಿರಿ: ಸಮಸ್ಯೆ ಏನಿತ್ತು, ಯಾವ ಕಟ್ಟುಪಾಡುಗಳಿದ್ದವು, ನೀವು ಏನು ನಿರ್ಧರಿಸಿದಿರಿ, ಏನಾಯಿತು. ಗ್ರಾಹಕರ ಹೆಸರು ತೆಗೆದರಷ್ಟೇ ಸಾಲದು. ತಾರೀಖು, ಸ್ಥಳ, ಅಪರೂಪದ ವಿವರ ಮೂರೂ ಸೇರಿದರೆ ಬಲ್ಲವರು ಗುರುತು ಹಿಡಿಯುತ್ತಾರೆ. ವೈದ್ಯರು, ವಕೀಲರು, ಲೆಕ್ಕಪರಿಶೋಧಕರು ಇಲ್ಲಿ ಎಷ್ಟು ಎಚ್ಚರವಿದ್ದರೂ ಕಡಿಮೆಯೇ. ತಂಡದ ಕೆಲಸವಾದರೆ ನಿಮ್ಮ ಪಾಲು ಎಷ್ಟೆಂದು ಬಿಡಿಸಿ ಹೇಳಿ. "ನಾವು ವ್ಯವಸ್ಥೆ ಕಟ್ಟಿದೆವು, ಅದರಲ್ಲಿ ಪಾವತಿ ಭಾಗ ನನ್ನದು" ಎಂಬ ಮಾತಿಗಿರುವ ತೂಕ "ನಾನೇ ಕಟ್ಟಿದೆ" ಎಂಬುದಕ್ಕಿಲ್ಲ, ಏಕೆಂದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ. ಶಿಫಾರಸು ಬರೆಸಿಕೊಳ್ಳುವಾಗ "ಏನಾದರೂ ಬರೀರಿ ಸರ್" ಎಂದರೆ ಬರುವುದು 'ಶ್ರಮಜೀವಿ, ಒಳ್ಳೆಯ ವ್ಯಕ್ತಿ'. ಯಾವ ಕೆಲಸ, ಅದರಲ್ಲಿ ಯಾವ ಅಂಶ ಎಂದು ನೆನಪಿಸಿ ಕೇಳಿ.

ಇಷ್ಟಾದ ಮೇಲೆ ಮಾತು. ನನ್ನ ಸಲಹೆ, ಮೊದಲ ತಿಂಗಳು ಬರೀ ಕಾಮೆಂಟ್ ಬರೆಯಿರಿ. ನಿಮ್ಮ ಕ್ಷೇತ್ರದ ಹತ್ತು ಹದಿನೈದು ಜನರನ್ನು ಆರಿಸಿಕೊಂಡು, ವಾರಕ್ಕೆ ಮೂರು ನಾಲ್ಕು ಕಡೆ, ಮೂಲ ಬರಹದಲ್ಲಿಲ್ಲದ ಒಂದು ಸಂಗತಿ ಸೇರಿಸಿ. 'ಚೆನ್ನಾಗಿದೆ' ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಒಳ್ಳೆಯ ಕಾಮೆಂಟ್ ಓದಿದವರು ನಿಮ್ಮ ಹೆಸರನ್ನು ಒತ್ತುತ್ತಾರೆ, ಸಿದ್ಧವಾದ ಪುಟ ಅಲ್ಲಿರುತ್ತದೆ. ಸಂಪರ್ಕದ ವಿನಂತಿಯನ್ನೂ ಆಗಲೇ ಕಳಿಸಿ. ಗುರುತಿಲ್ಲದವರಿಗೆ ರಾಶಿ ರಾಶಿ ಕಳಿಸಿ, ಅವರು ಒಪ್ಪದೆ ಬಿಟ್ಟರೆ ಲಿಂಕ್ಡ್‌ಇನ್ ನಿಮ್ಮ ಖಾತೆಗೇ ಕಡಿವಾಣ ಹಾಕಬಹುದು.

ಪೋಸ್ಟ್ ಎರಡು ವಾರಕ್ಕೊಂದಾದರೂ ಸಾಕು. ವಿಷಯಕ್ಕೆ ಪರದಾಡಬೇಕಿಲ್ಲ, ಗ್ರಾಹಕರೋ ಕಿರಿಯರೋ ನಿಮ್ಮನ್ನು ಮತ್ತೆ ಮತ್ತೆ ಕೇಳುವುದನ್ನೇ ಬರೆಯಿರಿ. "ಕಾರ್ಯಾಗಾರ ಅದ್ಭುತವಾಗಿತ್ತು, ಎಲ್ಲರಿಗೂ ಧನ್ಯವಾದ" ಎಂಬುದು ಹೋದವರಿಗಷ್ಟೇ ಬೇಕಾದ ಸುದ್ದಿ. "ತೇವ ಆರದ ಗೋಡೆಗೆ ಬಣ್ಣ ಬಳಿದರೆ ಉಬ್ಬಿ ಉದುರುವುದೇಕೆ, ಬಳಿಯುವ ಮೊದಲು ಏನು ನೋಡಬೇಕು" ಎಂಬುದನ್ನು ಜನ ಉಳಿಸಿಟ್ಟುಕೊಳ್ಳುತ್ತಾರೆ. ಮುಖ್ಯ ಮಾತು ಮೊದಲೆರಡು ಸಾಲಿನಲ್ಲೇ ಬರಲಿ. ಪಠ್ಯವನ್ನು ಚಿತ್ರವಾಗಿ ಮಾಡಿ ಹಾಕಿದರೆ ದೃಷ್ಟಿದೋಷವುಳ್ಳವರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಓದಲು ಏನೂ ಇರುವುದಿಲ್ಲ. ಚಿತ್ರ ಬೇಕೇ ಬೇಕಿದ್ದರೆ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲೇನಿದೆ ಎಂಬ ಬರಹದ ವಿವರಣೆ) ಬರೆಯಿರಿ. ಹಾಕುವ ಮೊದಲು ಫೋಟೋದ ಹಿನ್ನೆಲೆಯನ್ನು ಹಿಗ್ಗಿಸಿ ನೋಡಿ: ವೈಟ್‌ಬೋರ್ಡಿನ ಬರಹ, ತೆರೆದ ಲ್ಯಾಪ್‌ಟಾಪ್, ಕೊರಳಿನ ಗುರುತುಚೀಟಿ. ತಪ್ಪು ಹೇಳಿದ್ದನ್ನು ಯಾರಾದರೂ ತೋರಿಸಿಕೊಟ್ಟರೆ ತಿದ್ದಿ, ತಿದ್ದಿದ್ದೇನೆಂದು ಅಲ್ಲೇ ಬರೆಯಿರಿ. ಪರಸ್ಪರ ಲೈಕ್ ಕೊಡುವ ಗುಂಪುಗಳು, ಹಣಕ್ಕೆ ಸಿಗುವ ಫಾಲೋವರ್ಸ್ ಬೇಡವೇ ಬೇಡ. ಅವು ವೇದಿಕೆಗಳ ನಿಯಮಕ್ಕೆ ವಿರುದ್ಧ, ಮೇಲಾಗಿ ಹತ್ತು ಸಾವಿರ ಫಾಲೋವರ್ಸ್ ಇರುವ ಪುಟದಲ್ಲಿ ನಾಲ್ಕೇ ಲೈಕ್ ಕಂಡರೆ ನೋಡುವವರಿಗೆ ಕಾರಣ ತಿಳಿಯುತ್ತದೆ.

ಕಟ್ಟಿದ್ದು ಕೈತಪ್ಪದಂತೆ ನೋಡಿಕೊಳ್ಳುವ ಭಾಗವನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ಖಾತೆಯನ್ನು ಆಫೀಸಿನ ಇಮೇಲ್‌ನಲ್ಲಿ ಮಾತ್ರ ತೆರೆದವರು ಕೆಲಸ ಬಿಟ್ಟ ಮೇಲೆ ಪಾಸ್‌ವರ್ಡ್ ಮರೆತರೆ, ಮರುಹೊಂದಿಸುವ ಕೊಂಡಿ ಮುಚ್ಚಿಹೋದ ಅಂಚೆಪೆಟ್ಟಿಗೆಗೆ ಹೋಗುತ್ತದೆ. ಇವತ್ತೇ ಸ್ವಂತ ಇಮೇಲ್ ಸೇರಿಸಿ ಅದನ್ನೇ ಮುಖ್ಯ ಮಾಡಿ. ಎರಡು ಹಂತದ ಪರಿಶೀಲನೆಗೆ ಎಸ್‌ಎಂಎಸ್‌ಗಿಂತ ಫೋನಿನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಮೇಲು, ಏಕೆಂದರೆ ಸಿಮ್ ಬೇರೆಯವರ ಪಾಲಾದರೂ ಕೋಡ್ ಅವರಿಗೆ ಸಿಗುವುದಿಲ್ಲ. ಆ ಆ್ಯಪ್ ಇರುವ ಫೋನೇ ಕಳೆದರೆ ಒಳಗೆ ಹೋಗಲು ಬ್ಯಾಕಪ್ ಕೋಡ್‌ಗಳು ಬೇಕು. ಅವನ್ನು ಕಾಗದದ ಮೇಲೆ ಬರೆದು, ಫೋನಿನಿಂದ ದೂರ ಇಡಿ.